ಮೊಣಕಾಲು ನೋವಿದ್ದರೂ ಸ್ಮೋಕಿ ಕಾಡಿನಲ್ಲಿ ನಡೆಯಬಹುದಾ?

ಪ್ರಶ್ನೆ: ಅಕ್ಟೋಬರ್‌ನಲ್ಲಿ ಅಟ್ಲಾಂಟಾದ ಮಗಳ ಮನೆಗೆ ಹೋಗುತ್ತಿದ್ದೇವೆ. ಅಳಿಯ ಟೆನೆಸಿಯ ಸ್ಮೋಕಿ ಬೆಟ್ಟಗಳಿಗೆ ಕರೆದೊಯ್ಯುತ್ತೇನೆ ಅನ್ನುತ್ತಿದ್ದಾರೆ. ನಮ್ಮ ಯಜಮಾನರಿಗೆ ಮೊಣಕಾಲು ನೋವು, ಬೆಟ್ಟ ಹತ್ತೋದು ಆಗುವುದಿಲ್ಲ. ಹೊಳೆ ಪಕ್ಕ ಸುಮ್ನೆ ನಡೆಯುವಂಥ ದಾರಿ ಇದೆಯಾ? ಕರಡಿಯ ಭಯ ಬೇರೆ.
– ಓದುಗರೊಬ್ಬರು, ಮೈಸೂರು

ಉತ್ತರ: ಇದೆ. ಆ ಬೆಟ್ಟಗಳೊಳಗಿನ ಎಲ್ಕ್‌ಮಾಂಟ್ ಎಂಬ ಜಾಗದಿಂದ ಹೊರಡುವ ಲಿಟಲ್ ರಿವರ್ ಟ್ರೇಲ್ ಎಂಬ ಕಾಲುದಾರಿಗೆ ಹೋಗಿ. ನಾನು ನಾಕ್ಸ್‌ವಿಲ್‌ನಲ್ಲಿದ್ದಾಗ ಊರಿಂದ ಬಂದ ಹಿರಿಯರನ್ನೆಲ್ಲ ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ.

ಅದು ಮೊದಲು ರೈಲು ದಾರಿ. 1901ರಲ್ಲಿ ಶುರುವಾದ ಲಿಟಲ್ ರಿವರ್ ಲಂಬರ್ ಕಂಪನಿ ಈ ಕಣಿವೆಯ ಮರ ಕಡಿದು ಟೌನ್ಸೆಂಡ್‌ನ ಸಾಮಿಲ್ಲಿಗೆ ಸಾಗಿಸುತ್ತಿತ್ತು. ರೈಲಿಗೆ ಕಡಿದಾದ ಏರು ಆಗಿಬರುವುದಿಲ್ಲ ಅಲ್ವಾ? ಹಾಗಾಗಿ ಹೊಳೆಗುಂಟ ನಿಧಾನವಾಗಿ ಏರುವಂತೆ ಹಳಿ ಹಾಕಿದರು. ಆಮೇಲೆ ಹಳಿ ಕಿತ್ತರು, ದಾರಿ ಉಳಿಯಿತು. ಇಬ್ಬರು ಮಾತಾಡಿಕೊಂಡು ಅಕ್ಕಪಕ್ಕ ನಡೆಯುವಷ್ಟು ಅಗಲ ಇದೆ. ಅಲ್ಲಿನ ದಟ್ಟ ಕಾಡು ನೋಡಿ ಬಹಳ ಹಳೆಯದು ಅಂದುಕೊಳ್ಳಬೇಡಿ. ಹೆಚ್ಚಿನದೆಲ್ಲ ಮರ ಕಡಿದ ಮೇಲೆ ಮತ್ತೆ ಬೆಳೆದದ್ದು. ರಾಷ್ಟ್ರೀಯ ಉದ್ಯಾನವಾಗಿದ್ದೇ 1934ರಲ್ಲಿ. ದಾರಿಯ ಶುರುವಿನಲ್ಲಿ ಹಳೇ ಬೇಸಿಗೆ ಮನೆಗಳ ಕಲ್ಲಿನ ಚಿಮಣಿಗಳು ಮರಗಳ ನಡುವೆ ನಿಂತಿವೆ. ಮನೆಗಳಿಲ್ಲ, ಚಿಮಣಿ ಮಾತ್ರ.

ಸುಮಾರು ಮೂರು ಕಿಲೋಮೀಟರ್ ಆದ ಮೇಲೆ ಹಸ್ಕಿ ಬ್ರಾಂಚ್ ಎಂಬ ಹಳ್ಳ ಬಂಡೆಗಳ ಮೇಲಿಂದ ಇಳಿದು, ಪುಟ್ಟ ಸೇತುವೆಯಡಿ ಹಾದು ಹೊಳೆ ಸೇರುತ್ತದೆ. ಅಲ್ಲಿಯವರೆಗೆ ಹೋಗಲೇಬೇಕು ಅಂತ ಹಟ ಬೇಡ. ಹೊಳೆ ಮೊದಲಿಂದಲೂ ಪಕ್ಕದಲ್ಲೇ ಇರುತ್ತದೆ. ಯಜಮಾನರು ಸಾಕು ಅಂದಲ್ಲಿ ವಾಪಸ್ ತಿರುಗಿ. ಅಳಿಯಂದಿರಿಗೆ ಜಲಪಾತದ ಫೋಟೊ ಬೇಕಿದ್ದರೆ ಅವರೊಬ್ಬರೇ ಹೋಗಿ ಬರಲಿ!

ಕರಡಿಗಳಿರುವುದು ನಿಜ. ಕಂಡರೆ ಓಡಬೇಡಿ. ಕನಿಷ್ಠ 50 ಗಜ ದೂರ ಇರಬೇಕು ಅನ್ನುವುದು ಅಲ್ಲಿನ ಕಾನೂನು. ಹತ್ತಿರವಿದ್ದರೆ ಅದರ ಕಡೆ ಮುಖ ಮಾಡಿಕೊಂಡೇ ಮೆಲ್ಲಗೆ ಹಿಂದೆ ಸರಿಯಿರಿ. ಕರಡಿಗಿಂತ ನನಗೆ ನಮ್ಮವರ ಪುಳಿಯೋಗರೆ ಡಬ್ಬಿಯದೇ ಚಿಂತೆ. ತಿಂಡಿಯ ಚೀಲ ಬಂಡೆ ಮೇಲಿಟ್ಟು ನೀರಿಗೆ ಇಳಿಯಬೇಡಿ, ಕಿತ್ತಳೆ ಸಿಪ್ಪೆಯನ್ನೂ ಎಸೆಯಬೇಡಿ. ಜನರ ತಿಂಡಿಯ ರುಚಿ ಹತ್ತಿದ ಕರಡಿಗೆ ಕೊನೆಗೆ ಒಳ್ಳೆಯದಾಗುವುದಿಲ್ಲ.

ಇನ್ನೊಂದು ಮಾತು. ಸ್ವಂತ ಮನೆ ಆಗಲಿ ಅಂತ ನಮ್ಮ ಬೆಟ್ಟದ ದೇವಸ್ಥಾನಗಳಲ್ಲಿ ಕಲ್ಲಿನ ಮೇಲೆ ಕಲ್ಲು ಜೋಡಿಸುತ್ತಾರಲ್ಲ, ಆ ಹರಕೆ ಇಲ್ಲಿ ಬೇಡ. ಹೊಳೆಯ ಕಲ್ಲು ಕದಲಿಸುವುದು ನಿಷಿದ್ಧ. ಆ ಕಲ್ಲುಗಳ ಅಡಿಯಲ್ಲಿ ಸಾಲಮ್ಯಾಂಡರ್‌ಗಳು ಬದುಕುತ್ತವೆ. ನೋಡಲು ಹಲ್ಲಿ ಥರ, ಆದರೆ ಕಪ್ಪೆಯ ಬಳಗ. ಈ ಬೆಟ್ಟಗಳಲ್ಲಿ ಅವುಗಳ ಮೂವತ್ತರಷ್ಟು ಜಾತಿಗಳಿವೆ. ಪಾಚಿಗಟ್ಟಿದ ಬಂಡೆಗಳಂತೂ ವಿಪರೀತ ಜಾರುತ್ತವೆ, ಹತ್ತಬೇಡಿ. ಅಕ್ಟೋಬರ್‌ನಲ್ಲಿ ಉದುರಿದ ಒದ್ದೆ ಎಲೆಯೂ ಜಾರು. ಯಜಮಾನರ ಕೈಗೊಂದು ಕೋಲು ಇರಲಿ.

ನಮ್ಮ ಮಲೆನಾಡಿನ ಉಂಬಳದ ಕಾಟ ಅಲ್ಲಿಲ್ಲ. ಉಣುಗು ಮಾತ್ರ ಇದೆ. ಮಂಗನ ಕಾಯಿಲೆ ಕಂಡ ನಮ್ಮ ಶಿವಮೊಗ್ಗದವರಿಗೆ ಅದನ್ನು ಹೇಳಿಕೊಡಬೇಕಿಲ್ಲ, ಮೈಸೂರಿನವರಾದ ನಿಮಗೆ ಹೇಳುತ್ತೇನೆ: ವಾಪಸ್ ಬಂದು ಕಾಲು, ಸೊಂಟ, ಕಿವಿಯ ಹಿಂದೆ ನೋಡಿಕೊಳ್ಳಿ.

ಎಲ್ಕ್‌ಮಾಂಟ್ ಸುಮಾರು 650 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಮ್ಮಿ ಆಗುಂಬೆಯಷ್ಟೇ. ಆದರೆ ಅಕ್ಟೋಬರ್ ಬೆಳಿಗ್ಗೆ ಸ್ವೆಟರ್ ಇಲ್ಲದೆ ಆಗುವುದಿಲ್ಲ. ಕುಡಿಯುವ ನೀರು ಒಯ್ಯಿರಿ. ಹೊಳೆಯ ನೀರು ಎಷ್ಟೇ ತಿಳಿಯಾಗಿದ್ದರೂ ಹಾಗೇ ಕುಡಿಯುವಂತಿಲ್ಲ. ಮೊಬೈಲ್ ಸಿಗ್ನಲ್ ನಂಬಬೇಡಿ. ಎಲೆ ಬಣ್ಣ ತಿರುಗುವ ಕಾಲ, ಜನ ಜಾಸ್ತಿ. ಶನಿವಾರ, ಭಾನುವಾರ ಬಿಟ್ಟು ಬೆಳಿಗ್ಗೆ ಬೇಗ ಹೊರಡಿ. ಪ್ರವೇಶ ಶುಲ್ಕ ಇಲ್ಲ, ಆದರೆ 15 ನಿಮಿಷಕ್ಕಿಂತ ಹೆಚ್ಚು ಕಾರು ನಿಲ್ಲಿಸಲು 2023ರಿಂದ ಪಾರ್ಕಿಂಗ್ ಟ್ಯಾಗ್ ಬೇಕು. ದಿನಕ್ಕೆ 5 ಡಾಲರ್, ವಾರಕ್ಕೆ 15. ದಾರಿಯಲ್ಲೇ ಶುಗರ್‌ಲ್ಯಾಂಡ್ಸ್ ವಿಸಿಟರ್ ಸೆಂಟರ್‌ನಲ್ಲಿ ಸಿಗುತ್ತದೆ. ಅದನ್ನು ಅಳಿಯಂದಿರ ಲೆಕ್ಕಕ್ಕೆ ಬಿಡಿ.