ಓದುಗರ ಪ್ರಶ್ನೆ, ನಮ್ಮ ಉತ್ತರ: ಹೊಳೆ ಇಳಿದ ಮೇಲೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಮಳೆ, ನೆರೆಯದ್ದೇ. ಹಾಗಾಗಿ ಸಿನಿಮಾ, ಕ್ರಿಕೆಟ್ ಕೇಳಿದವರು ಮುಂದಿನ ಸಂಚಿಕೆವರೆಗೂ ಕಾಯಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನವರು ಸೇರಿ ಬೆಳಗಾವಿ ಕಡೆ ನೆರೆ ಬಂದ ಊರುಗಳಿಗೆ ಒಂದು ಲಾರಿ ಸಾಮಾನು ಕಳಿಸಬೇಕು ಅಂತಿದ್ದೇವೆ. ಬಟ್ಟೆ ಈಗಾಗಲೇ ರಾಶಿ ಬಿದ್ದಿದೆ. ಇನ್ನೇನು ಹಾಕೋಣ?
– ಓದುಗರು, ಜೆ.ಪಿ. ನಗರ, ಬೆಂಗಳೂರು

ಮೊದಲು ಆ ಬಟ್ಟೆ ರಾಶಿಯನ್ನು ಇಳಿಸಿ. ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದಾಗ ಆ ಭಾಗದ ಶಾಲೆಯೊಂದರ ಕಾಂಪೌಂಡಿಗೆ ಒರಗಿ ಬಿದ್ದಿದ್ದ ಬಟ್ಟೆ ಗುಡ್ಡೆ ನೋಡಿದ್ದೆ. ಜರಿ ಹರಿದ ಸೀರೆ, ಗುಂಡಿ ಇಲ್ಲದ ಷರ್ಟು, ಮದುವೆಗೆ ಹಾಕುವ ಕೋಟು, ಒಂದೇ ಕಾಲಿನ ಹೈಹೀಲ್ಡ್ ಚಪ್ಪಲಿ. ಮೇಲೆ ಮಳೆ ಬಿದ್ದು ಎಲ್ಲ ನೆನೆದು ನಾರುತ್ತಿತ್ತು. ಅದರ ಪಕ್ಕದಲ್ಲೇ ಹೆಂಗಸರು ಒಳಉಡುಪು ಕೇಳುವುದಕ್ಕೂ ಸಂಕೋಚಪಟ್ಟು ಉಟ್ಟ ಒದ್ದೆ ಬಟ್ಟೆಯಲ್ಲೇ ಕೂತಿದ್ದರು. ಹೊಲ ಮನೆ ಇದ್ದವರು, ನಿನ್ನೆ ತನಕ ಬಂದವರಿಗೆಲ್ಲ ಊಟಕ್ಕೆ ಇಕ್ಕಿದವರು ಅವರು. ನಮ್ಮ ಕಪಾಟು ಖಾಲಿ ಮಾಡುವ ಜಾಗ ಅಲ್ಲ ಅದು, ಅಲ್ವಾ?

ಹಾಗಾದರೆ ಏನು ಕಳಿಸಬೇಕು? ಹೊಸ ಒಳಉಡುಪು, ಲುಂಗಿ, ನೈಟಿ, ಟವೆಲ್. ಪ್ಯಾಡ್. ತಾಡಪತ್ರಿ, ಅದೂ ತೆಳುವಾದದ್ದು ಬೇಡ, ಒಂದು ಗಾಳಿಗೆ ಹರಿಯುತ್ತದೆ. ಬಕೆಟ್, ಕೊಡ, ಬ್ಲೀಚಿಂಗ್ ಪುಡಿ, ಕೆಸರು ಬಳಿಯುವುದಕ್ಕೆ ಸಲಿಕೆ ಮತ್ತು ಗಟ್ಟಿ ಪೊರಕೆ, ಟಾರ್ಚು, ಸೊಳ್ಳೆ ಪರದೆ. ಊಟದ ವಿಷಯದಲ್ಲಿ ಬೆಂಗಳೂರಿಂದ ಬ್ರೆಡ್ಡು, ಬಿಸ್ಕೆಟ್ ಹೊತ್ತು ತರಬೇಡಿ. 2019ರಲ್ಲಿ ಸುತ್ತಲಿನ ಜಿಲ್ಲೆಗಳ ಮನೆ ಮನೆಯಲ್ಲಿ ಹೆಣ್ಣುಮಕ್ಕಳು ಕೂತು ಕಟಕ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕಟ್ಟಿ ಕಳಿಸಿದ್ದರು. ಅದು ಕೆಡುವುದಿಲ್ಲ, ಬಿಸಿ ಮಾಡಬೇಕಿಲ್ಲ, ಮುಖ್ಯವಾಗಿ ಅವರು ದಿನಾ ತಿನ್ನುವ ಊಟವೇ ಅದು. ಆ ಭಾಗದ ಸ್ವಸಹಾಯ ಸಂಘಗಳಿಂದಲೇ ರೊಟ್ಟಿ ಕೊಂಡು ಹಂಚಿದರೆ ನಿಮ್ಮ ದುಡ್ಡೂ ಅಲ್ಲೇ ಉಳಿಯುತ್ತದೆ.

ಇನ್ನೊಂದನ್ನು ಎಲ್ಲರೂ ಮರೆಯುತ್ತಾರೆ: ಮೇವು. ಮನುಷ್ಯರಿಗೆ ಕಾಳಜಿ ಕೇಂದ್ರದಲ್ಲಿ ಅನ್ನ ಸಾರು ಸಿಗುತ್ತದೆ, ಎಮ್ಮೆಗೆ ಯಾರು ಕೊಡುತ್ತಾರೆ? ದನ ಬಿಟ್ಟು ಬರಲ್ಲ ಅಂತ ಎಷ್ಟೋ ಜನ ನೀರು ಮನೆ ಬಾಗಿಲಿಗೆ ಬಂದರೂ ಊರು ಬಿಡುವುದಿಲ್ಲ, ದೋಣಿ ತಂದವರ ಜೊತೆ ಜಗಳಕ್ಕೇ ನಿಲ್ಲುತ್ತಾರೆ. ದನಕ್ಕೂ ಜಾಗ, ಮೇವು ಎರಡೂ ಇದೆ ಅಂತ ಗೊತ್ತಾದರೆ ತಾವಾಗಿಯೇ ಹೊರಡುತ್ತಾರೆ. ಒಂದು ಲಾರಿ ಕಣಿಕಿ, ಹೊಟ್ಟು ಅಂದರೆ ಅಲ್ಲಿ ಹಬ್ಬ.

ಲಾರಿ ಹೊರಡುವ ಮೊದಲು ಆ ಊರಿನ ಪಂಚಾಯಿತಿಗೆ ಒಂದು ಫೋನ್ ಮಾಡಿ, ಏನು ಬೇಕು ಅಂತ ಕೇಳಿ. ಹೆದ್ದಾರಿ ಪಕ್ಕದ ಊರಿಗೆ ಇಪ್ಪತ್ತು ಲಾರಿ ಬರುತ್ತವೆ, ಒಳಗಿನ ಊರಿಗೆ ಒಂದೂ ಹೋಗಿರುವುದಿಲ್ಲ. ಮತ್ತೆ, ಸಂಗ್ರಹ ಆದ ದುಡ್ಡಲ್ಲಿ ಅರ್ಧ ಇಟ್ಟುಕೊಳ್ಳಿ ಅಂತ ನನ್ನ ಒತ್ತಾಯ. ಟಿವಿಯವರು ಹೋದ ಮೇಲೆ, ಎರಡು ತಿಂಗಳು ಬಿಟ್ಟು ಹೋಗಿ ನೋಡಿ. ನಿಜವಾದ ಕಷ್ಟ ಶುರುವಾಗಿರುವುದೇ ಆಗ. ಮಕ್ಕಳ ನೋಟ್‌ಬುಕ್, ಹೊಲಿಗೆ ಯಂತ್ರದ ರಿಪೇರಿ, ಬಿತ್ತನೆ ಬೀಜ. ಇಂಥವಕ್ಕೆ ಆಗ ಯಾರೂ ಇರುವುದಿಲ್ಲ.

ಪ್ರಶ್ನೆ: ನಮ್ಮದು ಮಣ್ಣಿನ ಗೋಡೆಯ ಹಳೇ ಮನೆ. ನೀರು ನಿಂತಾಗ ಒಂದು ಗೋಡೆ ಮಾತ್ರ ಬಿದ್ದಿತ್ತು, ಸರ್ವೆಗೆ ಬಂದವರು 'ಸಿ' ಅಂತ ಬರೆದುಕೊಂಡು ಹೋದರು. ನೀರಿಳಿದು ವಾರದ ಮೇಲೆ ಇನ್ನೆರಡು ಗೋಡೆ ಕುಸಿದವು. ಈಗ ಕೇಳಿದರೆ ಪಟ್ಟಿ ಹೋಗಿಬಿಟ್ಟಿದೆ ಅನ್ನುತ್ತಾರೆ. ಏನು ಮಾಡಲಿ?
– ಓದುಗರು, ಅಥಣಿ ತಾಲ್ಲೂಕು

ಅಣ್ಣಾ, ನಿಮ್ಮೊಬ್ಬರ ಕತೆಯಲ್ಲ ಇದು. ಮಣ್ಣಿನ ಗೋಡೆ ನೀರು ಕುಡಿದು ನಿಂತಿರುತ್ತದೆ. ಹೊರಗಿನ ನೀರು ಇಳಿದ ಮೇಲೆ ಬುಡದ ಮಣ್ಣು ಸಡಿಲಾಗಿ, ಮೇಲಿನ ಮಾಳಿಗೆ ಭಾರಕ್ಕೆ ನಿಧಾನವಾಗಿ ಜಾರುತ್ತದೆ. ಸರ್ವೆ ಮಾಡುವವರಿಗೆ ಇದು ಗೊತ್ತಿಲ್ಲದ್ದೇನಲ್ಲ, ಆದರೆ ಅವರಿಗೂ ಇಂತಿಷ್ಟು ದಿನದಲ್ಲಿ ಮುಗಿಸಿ ಅಂತ ಮೇಲಿನಿಂದ ಒತ್ತಡ.

ಓದುವ ಉಳಿದವರಿಗೂ ಗೊತ್ತಾಗಲಿ ಅಂತ ಹೇಳುತ್ತೇನೆ. ಮನೆ ಹಾನಿಯನ್ನು ಎ, ಬಿ, ಸಿ ಅಂತ ಮೂರು ಮಾಡುತ್ತಾರೆ. ಪೂರ್ತಿ ಹೋದದ್ದು ಎ, ಹೆಚ್ಚು ಕೆಟ್ಟದ್ದು ಬಿ, ಸ್ವಲ್ಪ ಕೆಟ್ಟದ್ದು ಸಿ. 2022ರಲ್ಲಿ ಎ ಅಂದರೆ 5 ಲಕ್ಷ, ಬಿ ಅಂದರೆ 3 ಲಕ್ಷ, ಸಿ ಅಂದರೆ 50 ಸಾವಿರ ಇತ್ತು. ಮೊತ್ತ ಎಲ್ಲ ವರ್ಷವೂ ಒಂದೇ ಇರುವುದಿಲ್ಲ, ಆ ವರ್ಷದ ಆದೇಶ ನೋಡಬೇಕು. ಆದರೆ ಒಂದು ಅಕ್ಷರ ಆಚೀಚೆ ಆದರೆ ಲಕ್ಷಗಟ್ಟಲೆ ವ್ಯತ್ಯಾಸ ಅನ್ನುವುದು ಇದರಲ್ಲೇ ಕಾಣುತ್ತದೆ. ಜಗಳ, ವಶೀಲಿ, ಕಣ್ಣೀರು ಎಲ್ಲ ಆಗುವುದು ಆ ಅಕ್ಷರಕ್ಕೇ.

ನೀವು ಮಾಡಬೇಕಾದ್ದು ಇಷ್ಟು. ಬಿದ್ದ ಗೋಡೆಯ ಮಣ್ಣು ಇನ್ನೂ ಎತ್ತಿ ಹಾಕಬೇಡಿ. ಮೊಬೈಲಲ್ಲಿ ಫೋಟೋ ತೆಗೆಯಿರಿ, ಹತ್ತಿರದಿಂದ ಒಂದು, ಇಡೀ ಮನೆ ಮತ್ತು ಪಕ್ಕದ ಗುರುತು ಕಾಣುವ ಹಾಗೆ ಒಂದು. ಗೋಡೆ ಮೇಲೆ ನೀರು ನಿಂತ ಕಂದು ಗೆರೆ ಇದೆಯಲ್ಲ, ಅದನ್ನೂ ತೆಗೆಯಿರಿ, ಅದೇ ದೊಡ್ಡ ಸಾಕ್ಷಿ. ಆಮೇಲೆ ತಹಶೀಲ್ದಾರರ ಹೆಸರಿಗೆ 'ಮರುಸಮೀಕ್ಷೆ ಮಾಡಿ' ಅಂತ ಅರ್ಜಿ ಬರೆದು, ಎರಡನೇ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ತಲಾಠಿಗೆ (ಗ್ರಾಮಲೆಕ್ಕಿಗರಿಗೆ) ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಸ್ವೀಕೃತಿ ಇಲ್ಲದ ಅರ್ಜಿ, ಕೊಡದ ಅರ್ಜಿಗೆ ಸಮ. ತಹಶೀಲ್ದಾರರ ಹತ್ತಿರ ಆಗದಿದ್ದರೆ ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ ಇದ್ದಾರೆ.

ಮನೆ ಉತಾರ, ಅಂದರೆ ಮನೆಯ ದಾಖಲೆ, ಅಜ್ಜನ ಹೆಸರಲ್ಲೇ ಇದ್ದರೆ ಅದನ್ನೂ ಈಗಲೇ ಸರಿಮಾಡಿಸಿ. ಹೊಸ ಮನೆ ಮಂಜೂರಾದರೆ ಹಣ ಒಂದೇ ಸಲ ಕೈಗೆ ಬರಲ್ಲ. ತಳಪಾಯ, ಗೋಡೆ, ಛಾವಣಿ ಅಂತ ಹಂತ ಹಂತವಾಗಿ, ಪ್ರತಿ ಹಂತದ ಫೋಟೋ ಹಾಕಿದ ಮೇಲೆ ಬರುತ್ತದೆ. ಮೊದಲ ಕಂತು ತಗೊಂಡು ತಳಪಾಯಕ್ಕೇ ನಿಂತ ಮನೆಗಳು ನದಿ ದಂಡೆಯ ಊರುಗಳಲ್ಲಿ ಇವತ್ತಿಗೂ ಹುಲ್ಲು ಬೆಳೆದು ನಿಂತಿವೆ. ಕೈಯಿಂದ ಹಾಕಲು ಸ್ವಲ್ಪವೂ ಇಲ್ಲದಿದ್ದರೆ ಚಿಕ್ಕದಾಗಿ ಶುರುಮಾಡಿ.

ಪ್ರಶ್ನೆ: ಮಹಾರಾಷ್ಟ್ರದವರು ನೀರು ಬಿಡುವುದರಿಂದ ನಮ್ಮಲ್ಲಿ ನೆರೆ ಅಂತ ನಮ್ಮೂರಲ್ಲಿ ಹೇಳುತ್ತಾರೆ. ಅಲ್ಲಿಯವರು ನಮ್ಮ ಆಲಮಟ್ಟಿ ಡ್ಯಾಮಿನ ಹಿನ್ನೀರಿನಿಂದ ಸಾಂಗ್ಲಿ ಮುಳುಗುತ್ತದೆ ಅನ್ನುತ್ತಾರೆ. ಯಾರು ಸರಿ?
– ಪದವಿ ವಿದ್ಯಾರ್ಥಿನಿ, ಜಮಖಂಡಿ

ಒಳ್ಳೇ ಪ್ರಶ್ನೆ ಮಗಳೇ. ಸ್ವಲ್ಪ ಲೆಕ್ಕ ಮಾಡೋಣ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಒಂದು ದಿನ ಪೂರ್ತಿ 11,574 ಕ್ಯೂಸೆಕ್ ಹರಿದರೆ 1 ಟಿಎಂಸಿ. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ ಹೊರಗೆ ಬಿಟ್ಟ ನೀರು 5 ಲಕ್ಷ ಕ್ಯೂಸೆಕ್ ದಾಟಿತ್ತು. ಅಂದರೆ ದಿನಕ್ಕೆ 43 ಟಿಎಂಸಿ. ಆಲಮಟ್ಟಿ ಪೂರ್ತಿ ಖಾಲಿ ಇದ್ದರೂ ಹಿಡಿಯುವುದು ಸುಮಾರು 123 ಟಿಎಂಸಿ. ಆ ಹರಿವಿಗೆ ಮೂರು ದಿನದಲ್ಲಿ ತುಂಬುತ್ತದೆ. ಮಹಾರಾಷ್ಟ್ರದ ಕೊಯ್ನಾ ಡ್ಯಾಮು ಇನ್ನೂ ಚಿಕ್ಕದು, 105 ಟಿಎಂಸಿ ಆಸುಪಾಸು. ಘಟ್ಟದಲ್ಲಿ ವಾರಗಟ್ಟಲೆ ಬಿಡದೆ ಸುರಿದರೆ ಯಾವ ಡ್ಯಾಮೂ ತಡೆಯಲಾರದು, ಬಂದಷ್ಟು ಬಿಡಲೇಬೇಕು.

ಹಾಗಂತ ಡ್ಯಾಮಿನವರದು ತಪ್ಪೇ ಇಲ್ಲ ಅಂತಲೂ ನಾನು ಹೇಳಲ್ಲ. ಜುಲೈ ಕೊನೆಗೇ ತುಂಬಿಸಿ ಇಟ್ಟುಕೊಂಡರೆ ಆಗಸ್ಟ್ ಮಳೆಗೆ ಜಾಗ ಎಲ್ಲಿ? ಆದರೆ ಖಾಲಿ ಇಟ್ಟು ಕಾದು ಮಳೆ ಕೈಕೊಟ್ಟರೆ ಬೇಸಿಗೆಯಲ್ಲಿ ಇದೇ ಜನ ಕೊಡ ಹಿಡಿದು ರಸ್ತೆಗೆ ಬರುತ್ತಾರೆ. ಮುನ್ಸೂಚನೆ ನಂಬಿ ಮೊದಲೇ ಸ್ವಲ್ಪ ಸ್ವಲ್ಪ ಬಿಡುವ ಧೈರ್ಯ ಬೇಕು, ಎರಡೂ ರಾಜ್ಯದ ಎಂಜಿನಿಯರುಗಳು ಗಂಟೆಗಂಟೆಗೆ ಮಾತಾಡಬೇಕು. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಗರಿಷ್ಠ ಮಟ್ಟ ಈಗ 519.60 ಮೀಟರ್. ಅದನ್ನು 524.256ಕ್ಕೆ ಏರಿಸುವುದೇ ಈಗಿನ ತಕರಾರು. ಸಾಂಗ್ಲಿ ವಿಷಯಕ್ಕೆ ಬಂದರೆ, 2019ರ ನೆರೆಯ ನಂತರ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೇರೆ ಸಮಿತಿ, ಅದಕ್ಕೆ ಆಲಮಟ್ಟಿ ಕಾರಣ ಅಲ್ಲ ಅಂದಿತ್ತು. ಸುಮ್ನೆ ಆಚೆಯವರನ್ನು ಬೈದರೆ ಹೊಳೆಯ ಪಾತ್ರದೊಳಗೆ ನಾವು ಹಾಕಿದ ಕಬ್ಬು, ಕಟ್ಟಿದ ಅಂಗಡಿ, ಏರಿಸಿದ ರಸ್ತೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ, ಅದೊಂದು ಅನುಕೂಲ.

ಪ್ರಶ್ನೆ: ಮಂತ್ರಿಗಳು ಹೆಲಿಕಾಪ್ಟರಿನಲ್ಲಿ ಸಮೀಕ್ಷೆ ಮಾಡುವುದರಿಂದ ಏನು ಪ್ರಯೋಜನ?
– ಓದುಗರು, ಗೋಕಾಕ

ಮೇಲಿಂದ ನೋಡಿದರೆ ಕೆಸರು ಮೆತ್ತುವುದಿಲ್ಲ.

ಪ್ರಶ್ನೆ: ಭೀಮಾ ನದಿ ನೀರು ನುಗ್ಗಿ ಎಂಟು ಎಕರೆ ತೊಗರಿ ಹೋಯಿತು. ಪರಿಹಾರ ಮಾತ್ರ ಐದು ಎಕರೆಗೇ ಅನ್ನುತ್ತಾರೆ. ಇದ್ಯಾವ ನ್ಯಾಯ?
– ರೈತರು, ಅಫಜಲಪುರ ತಾಲ್ಲೂಕು

ವಿಪತ್ತು ಪರಿಹಾರದ ನಿಯಮವೇ ಹಾಗಿದೆ. ಒಬ್ಬ ರೈತನಿಗೆ ಗರಿಷ್ಠ 2 ಹೆಕ್ಟೇರ್, ಅಂದರೆ ಸುಮಾರು ಐದು ಎಕರೆ. ಅದೂ ಬೆಳೆ ಶೇ 33 ಅಥವಾ ಅದಕ್ಕಿಂತ ಜಾಸ್ತಿ ಹಾಳಾಗಿದ್ದರೆ. 2022–26ರ ಕೇಂದ್ರದ ನಿಯಮದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ತೋಟದ ಬೆಳೆಗೆ 22,500 ಇತ್ತು. 2025ರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ, ಬೀದರ್ ಕಡೆ ನೆರೆ ಬಂದಾಗ ರಾಜ್ಯ ಸರ್ಕಾರ ಇದಕ್ಕೆ ತನ್ನಿಂದ ಹೆಕ್ಟೇರಿಗೆ 8,500 ಸೇರಿಸಿತು. ಸೇರಿಸಿದರೂ ಮಳೆಯಾಶ್ರಿತಕ್ಕೆ 17,000 ಆಯಿತು, ಎರಡು ಹೆಕ್ಟೇರಿಗೆ 34,000. ಬೀಜ, ಗೊಬ್ಬರ, ಆಳು, ಔಷಧಿ ಹೊಡೆದ ಲೆಕ್ಕ ನಿಮಗೇ ಗೊತ್ತು. ನ್ಯಾಯ ಅಂತ ನಾನು ಹೇಳಲಾರೆ.

ಆ ದುಡ್ಡಾದರೂ ತಪ್ಪದೆ ಬರಬೇಕಾದರೆ ಹೊಲ ಯಾರ ಹೆಸರಲ್ಲಿದೆ ನೋಡಿ. ತಂದೆ ತೀರಿಕೊಂಡು ವರ್ಷಗಳಾಗಿದ್ದರೂ ಪಹಣಿಯಲ್ಲಿ ಅವರೇ ಇರುತ್ತಾರೆ, ಪರಿಹಾರ ಅಲ್ಲೇ ನಿಲ್ಲುತ್ತದೆ. ಪೌತಿ ಖಾತೆ ಮಾಡಿಸಿ, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಿ. ರೈತರ ನೋಂದಣಿಯ ಫ್ರೂಟ್ಸ್ ಐಡಿಯಲ್ಲಿ ಎಲ್ಲ ಸರ್ವೆ ನಂಬರ್ ಸೇರಿದೆಯಾ, ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿದೆಯಾ ನೋಡಿ. ಬೆಳೆ ವಿಮೆ ಕಟ್ಟಿದ್ದರೆ ಅದು ಬೇರೆ, ಹಾನಿಯಾದ 72 ಗಂಟೆಯೊಳಗೆ 14447ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಪಾಲಿಗೆ ಹೊಲ ಮಾಡುವವರ ಪಾಡು ಮಾತ್ರ ಕೇಳಬೇಡಿ. ಬೆವರು ಅವರದು, ಖಾತೆ ಇನ್ನೊಬ್ಬರದು. ಈ ತೂತು ಮುಚ್ಚುವ ಮನಸ್ಸು ಯಾವ ಪಕ್ಷಕ್ಕೂ ಇದ್ದಂತೆ ಕಾಣಲ್ಲ.

ಪ್ರಶ್ನೆ: 2009ರ ನೆರೆಯ ನಂತರ ಸರ್ಕಾರ ಕಟ್ಟಿಸಿಕೊಟ್ಟ ಆಸರೆ ಮನೆಗಳಿಗೆ ಜನ ಹೋಗದೆ ಮತ್ತೆ ಹೊಳೆ ದಂಡೆಯಲ್ಲೇ ಇದ್ದಾರಲ್ಲ, ಆಮೇಲೆ ಮುಳುಗಿದೆವು ಅಂತ ಅಳುವುದು ಯಾಕೆ?
– ಓದುಗರು, ಮೈಸೂರು

ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ಒಂದು ಸಲ ಅಂಥ ಮನೆಯೊಳಗೆ ನಿಂತು ನೋಡಿ. ಎರಡು ಕೋಣೆ. ನಾಲ್ಕು ಎಮ್ಮೆ ಎಲ್ಲಿ ಕಟ್ಟಬೇಕು? ನೇಗಿಲು, ಮೇವಿನ ಬಣವೆ, ಕಾಳಿನ ಚೀಲ ಎಲ್ಲಿಡಬೇಕು? ಇಬ್ಬರು ಮದುವೆಯಾದ ಮಕ್ಕಳಿದ್ದರೆ ಮಲಗುವುದೆಲ್ಲಿ? ಎಷ್ಟೋ ಕಡೆ ಜಾಗ ಸಿಕ್ಕಿದ್ದೇ ಊರಾಚೆ, ಹೊಲಕ್ಕೆ ದೂರ. ಕೆಲವು ಕಡೆ ಮನೆ ಆಯಿತು, ನೀರು, ಚರಂಡಿ ಆಗಲಿಲ್ಲ. ಕಾಗದ ಕೈಗೆ ಬರಲಿಲ್ಲ. 2009ರಲ್ಲಿ ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತಿದ್ದರು, ದಾನಿಗಳು ಮನಸಾರೆ ಕೊಟ್ಟರು, ಅವರ ಉದ್ದೇಶದ ಬಗ್ಗೆ ಎರಡು ಮಾತಿಲ್ಲ. ಆದರೆ ಅಲ್ಲಿ ಬದುಕುವವರನ್ನು ಕೂರಿಸಿಕೊಂಡು ನಕ್ಷೆ ಬರೆದಿದ್ದರೆ ಕತೆ ಬೇರೆ ಇರುತ್ತಿತ್ತು. 2019ರಲ್ಲಿ ಮಲಪ್ರಭಾ ಮತ್ತೆ ಉಕ್ಕಿ ಪಟ್ಟದಕಲ್ಲಿನ ದೇವಸ್ಥಾನಗಳವರೆಗೂ ನೀರು ಬಂತು, ಆಗ ಸ್ಥಳಾಂತರ ಅನ್ನುವ ಮಾತು ಮತ್ತೆ ಎದ್ದಿತು. ಜನ ಒಪ್ಪಿಕೊಳ್ಳುತ್ತಾರೆ ಸ್ವಾಮಿ. ಕೊಟ್ಟಿಗೆಗೆ ಜಾಗ ಇರುವ ಸೈಟು, ಹೆಸರಿಗೆ ಹಕ್ಕುಪತ್ರ, ಹೊಲಕ್ಕೆ ದಾರಿ ಕೊಟ್ಟು ಕೇಳಿ ನೋಡಲಿ.

ಪ್ರಶ್ನೆ: ಮಡಿಕೇರಿ ಹತ್ತಿರ ಕಡಿಮೆ ಬೆಲೆಗೆ ಗುಡ್ಡದ ಸೈಟು ಬಂದಿದೆ, ವ್ಯೂ ಚೆನ್ನಾಗಿದೆ. ತಗೊಳ್ಳಬಹುದಾ?
– ಓದುಗರು, ಬೆಂಗಳೂರು

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ಮರೆತಿದ್ದೀರಾ? ಇಳಿಜಾರನ್ನು ಜೆಸಿಬಿಯಲ್ಲಿ ನೇರ ಕೊಯ್ದು ಮಟ್ಟ ಮಾಡಿದ ಜಾಗ ಆದರೆ ಬೇಡ. ಮಳೆಗಾಲದಲ್ಲಿ ಹೋಗಿ, ಗುಡ್ಡದ ಬುಡದಿಂದ ಕೆಂಪು ನೀರು ಒಸರುತ್ತಿದೆಯಾ ನೋಡಿ, ಅಕ್ಕಪಕ್ಕದ ಹಳಬರನ್ನು ಮಾತಾಡಿಸಿ. ಕಡಿಮೆ ಬೆಲೆ ಯಾಕೆ ಅಂತ ಅವರೇ ಹೇಳುತ್ತಾರೆ.

ಪ್ರಶ್ನೆ: ನೆರೆ ನೀರು ನಮ್ಮ ಬಾವಿಗೆ ಸೇರಿದೆ. ಬ್ಲೀಚಿಂಗ್ ಪುಡಿ ಹಾಕಿದರೆ ಸಾಕಾ?
– ಗೃಹಿಣಿ, ಅಂಕೋಲಾ ತಾಲ್ಲೂಕು

ಅಕ್ಕಾ, ಮೊದಲು ಆ ನೀರನ್ನು ಪಂಪ್ ಹಾಕಿ ಖಾಲಿ ಮಾಡಿಸಿ, ಕೆಸರು ತೆಗೆಸಿ. ಹೊಸ ನೀರು ಬಂದ ಮೇಲೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಒಳ್ಳೇ ಬ್ಲೀಚಿಂಗ್ ಪುಡಿಯನ್ನು ಬಕೆಟಿನಲ್ಲಿ ಕಲಸಿ, ಗಸಿ ಬಿಟ್ಟು ತಿಳಿ ಮಾತ್ರ ಹಾಕಿ, ಗಂಟೆ ಹೊತ್ತು ಮುಟ್ಟಬೇಡಿ. ತಳದ ಬುಗ್ಗೆ ಸರಿಯಾಗಿ ತಿಳಿಯಾಗುವವರೆಗೆ ಕುಡಿಯಲು ಕುದಿಸಿದ ನೀರೇ. ಕೆಸರಲ್ಲಿ ಬರಿಗಾಲಲ್ಲಿ ಓಡಾಡಿದವರಿಗೆ ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಬಂದರೆ ಇಲಿ ಜ್ವರ ಇರಬಹುದು. ಅಂಗಡಿ ಮಾತ್ರೆ ನುಂಗಿ ಕೂರಬೇಡಿ, ಆಸ್ಪತ್ರೆಗೆ ಹೋಗಿ ನೀರಲ್ಲಿ ಓಡಾಡಿದ್ದೆ ಅಂತ ನೀವೇ ಬಾಯಿಬಿಟ್ಟು ಹೇಳಿ.

ಪ್ರಶ್ನೆ: ಹಾಲು ಕೊಡುವ ಎಮ್ಮೆ ನೀರಲ್ಲಿ ಸತ್ತುಹೋಯಿತು. ಪರಿಹಾರ ಸಿಗುತ್ತಾ?
– ಓದುಗರು, ರಾಮದುರ್ಗ ತಾಲ್ಲೂಕು

ಸಿಗುತ್ತದೆ. 2022–26ರ ಕೇಂದ್ರದ ನಿಯಮದಲ್ಲಿ ಹಾಲು ಕೊಡುವ ಎಮ್ಮೆ, ಹಸುವಿಗೆ 37,500, ಕುರಿ, ಮೇಕೆಗೆ 4,000 ಇತ್ತು. ಹೂಳುವ ಮೊದಲು ಪಶುವೈದ್ಯರನ್ನು ಕರೆಸಿ ಮರಣೋತ್ತರ ಪರೀಕ್ಷೆಯ ಪತ್ರ ಮಾಡಿಸಿ, ಪಂಚನಾಮೆ ಆಗಲಿ. ಕಿವಿಯಲ್ಲಿ ಹಳದಿ ಬಿಲ್ಲೆ ಇದ್ದರೆ ಅದರ 12 ಅಂಕಿ ನಂಬರ್ ಕಾಣುವ ಹಾಗೆ ಫೋಟೋ ತೆಗೆಯಿರಿ. ಉಳಿದ ದನಗಳ ನಂಬರನ್ನೂ ಇವತ್ತೇ ಬರೆದು ರೇಷನ್ ಕಾರ್ಡ್, ಪಾಸ್‌ಬುಕ್ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಎತ್ತರದಲ್ಲಿಡಿ, ಯಾಕಂದರೆ ತೇಲಿಹೋದ ದನಕ್ಕೆ ಫೋಟೋ ತೆಗೆಯಲು ಆಗುವುದಿಲ್ಲ.