ಕಟ್ಟಡಕ್ಕೆ ದೇಣಿಗೆ, ರಸ್ತೆಗೆ ತೆರಿಗೆ

ಅಮೆರಿಕದ ಮಾಜಿ ಅಧ್ಯಕ್ಷ ಬರಾಕ್ ಒಬಾಮಾ ಹೆಸರಿನ ಮ್ಯೂಸಿಯಂ ಇರುವ ಒಬಾಮಾ ಸೆಂಟರ್ ದೇಣಿಗೆ ಹಣದಲ್ಲೇ ಎದ್ದಿರುವಾಗ ಶಿಕಾಗೋದ ಕೆಲವರಿಗೆ ತಕರಾರು ಯಾಕೆ ಅಂತ ಕೇಳಿದ್ದೀರಿ. ಕಟ್ಟಡದ ಮಟ್ಟಿಗೆ ನಿಮ್ಮ ಮಾತು ಸರಿ, ಆ ಖರ್ಚು ದೇಣಿಗೆ ಸಂಗ್ರಹಿಸುವ ಒಬಾಮಾ ಫೌಂಡೇಶನ್‌ ಸಂಸ್ಥೆಯದು. ಆದರೆ ಅದು ಎದ್ದಿರುವ ಜಾಕ್ಸನ್ ಪಾರ್ಕ್ ಸಾರ್ವಜನಿಕರ ಜಾಗ. ಅದರಲ್ಲಿ 19.3 ಎಕರೆಯನ್ನು 99 ವರ್ಷ ಬಳಸಲು ನಗರ ಕೊಟ್ಟಿದ್ದು 10 ಡಾಲರ್‌ಗೆ. ಹೌದು, ಬರೀ ಹತ್ತು! ಮೇಲಿಂದ ಪಾರ್ಕಿನೊಳಗಿನ ಕಾರ್ನೆಲ್ ಡ್ರೈವ್‌ನ ಒಂದು ಭಾಗ ಮುಚ್ಚಿ, ಬೇರೆ ರಸ್ತೆಗಳನ್ನು ಅಗಲ ಮಾಡಬೇಕಾಯಿತು. ಅದಕ್ಕೆಂದು 2018ರಲ್ಲಿ ಇಲಿನಾಯ್ ರಾಜ್ಯದ ಬಜೆಟ್‌ನಲ್ಲಿ ಸುಮಾರು 17 ಕೋಟಿ ಡಾಲರ್ ಎತ್ತಿಟ್ಟರು. ಅದು ತೆರಿಗೆ ಹಣವೇ ಅಲ್ವಾ?

ಕಟ್ಟಡದ ಮಾಲೀಕತ್ವ ನಗರದ್ದೇ ಅನ್ನುವುದು ಬೆಂಬಲಿಗರ ಉತ್ತರ. ಅದೂ ನಿಜ. ರಸ್ತೆ ಖರ್ಚನ್ನು ನಾನು ಒಪ್ಪಿಯೇನು. ಪಾರ್ಕಿನ ಜಾಗ ಮಾತ್ರ ಒಮ್ಮೆ ಹೋದರೆ ದುಡ್ಡು ಕೊಟ್ಟರೂ ವಾಪಸ್ ಬರಲ್ಲ.