ಕೊಡೋರು ಮನಿಯವ್ರೇ ಇದ್ರ?

ಜೂನ್ 26ರ ಮಾದಕವಸ್ತು ವಿರೋಧಿ ದಿನಕ್ಕೆ ಶಾಲೆಗಳಲ್ಲಿ ಪೊಲೀಸರ ಪಾಠ ಇರುತ್ತದೆ. ಅದಾದ ಮೇಲೆ ಇಲ್ಲಿ ಕಲಬುರಗಿಯಲ್ಲಿ ಆಪ್ತಸಲಹೆಗೆ ನನ್ನ ಹತ್ತಿರ ಬರುವ ಮಕ್ಕಳಲ್ಲಿ ಒಂದೇ ಸಂಕಟ ಮತ್ತೆ ಮತ್ತೆ ಕಾಣುತ್ತದೆ. ಗುರುತು ಸಿಗದಂತೆ ವಿವರ ಬದಲಿಸಿ ಒಂದನ್ನು ಬರೆಯುತ್ತಿದ್ದೇನೆ.

ಹುಡುಗ ಎಂಟನೇ ಕ್ಲಾಸು. ಪಾಠದ ಮರುದಿನದಿಂದ ಶಾಲೆ ಬಿಟ್ಟ. ಅವ್ವ ಕರೆತಂದರು. ಅವರನ್ನು ಹೊರಗೆ ಕೂರಿಸಿ, ಸಾಹೇಬರು ಏನು ಹೇಳಿದರಪ್ಪಾ ಅಂತ ಕೇಳಿದೆ. ಗಡಗಡ ಒಪ್ಪಿಸಿದ: "ಗುರ್ತಿಲ್ಲದವ್ರು ಕೊಟ್ರ ಬ್ಯಾಡ ಅನ್ರಿ, ನಮಗ ಬಂದು ಹೇಳ್ರಿ ಅಂದ್ರು." ಆಮೇಲೆ ಅಂಗಿ ಗುಂಡಿ ತಿರುವುತ್ತಾ ಕೂತ. ತಲೆ ಎತ್ತದೆ ಕೇಳಿದ: "ಮೇಡಂ, ಕೊಡೋರು ನಮ್ಮಣ್ಣನೇ ಇದ್ರ ಏನ್ ಮಾಡಬೇಕ್ರಿ?"

ಅಣ್ಣನಿಗೆ 19. ರಾತ್ರಿ ಮಾಳಿಗೆ ಮೇಲೆ ಗಾಂಜಾ ಸೇದುತ್ತಾನೆ. ಒಮ್ಮೆ ತಮ್ಮನ ಕೈಗೂ ಕೊಟ್ಟಿದ್ದ. ಇವನ ಫೀಸು ಕಟ್ಟುವವನೂ ಅವನೇ.

"ಅಣ್ಣನನ್ನು ಹಿಡಿದುಕೊಡೋದೂ ನಿನ್ನ ಕೆಲಸ ಅಲ್ಲ, ತಿದ್ದೋದೂ ಅಲ್ಲ. ನೀನು ಸೇದಬೇಡ. ನಂಬುವ ದೊಡ್ಡವರಿಗೆ ಹೇಳು. ಈಗ ಹೇಳಿದೆ, ಅಲ್ವಾ?" ಅಂದೆ. ಆಮೇಲೆ ನಾನೇ ಅಣ್ಣನಾಗಿ ಪೆನ್ನು ಚಾಚಿದೆ. "ಅಣ್ಣಾ, ನಂಗ ಬ್ಯಾಡ, ನಾ ಕೆಳಗ ಹೊಂಟೆ" ಅಂತ ಹೇಳಿಸಿದೆ. ಮೊದಲು ದನಿಯೇ ಹೊರಡಲಿಲ್ಲ. ಹೊರಡುವವರೆಗೂ ಬಿಡಲಿಲ್ಲ.

ಹುಡುಗನ ಒಪ್ಪಿಗೆ ಪಡೆದು ಅವ್ವನಿಗೆ ತಿಳಿಸಿದೆ, ಅಣ್ಣನನ್ನು ಕರೆಸಿದೆ. ಮಕ್ಕಳಿಗೆ ಮಾದಕವಸ್ತು ಕೊಟ್ಟರೆ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲಿದೆ ಅಂತ ನೇರವಾಗಿ ಹೇಳಿದೆ. ಚಟಕ್ಕೆ ಬಿದ್ದವರು ತಾವಾಗಿ ಚಿಕಿತ್ಸೆಗೆ ಬಂದರೆ, ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ರಕ್ಷಣೆ ಕೊಡುತ್ತದೆ ಅಂತಲೂ ಹೇಳಿದೆ. ವ್ಯಸನಮುಕ್ತಿ ಸಹಾಯವಾಣಿ 14446 ಬರೆದುಕೊಟ್ಟೆ.

ಪೊಲೀಸರಿಗೆ ಯಾಕೆ ತಿಳಿಸಲಿಲ್ಲ ಅಂತ ಶಿಕ್ಷಕರೊಬ್ಬರು ಬೇಸರಪಟ್ಟರು. ಇನ್ನೊಮ್ಮೆ ಕೊಟ್ಟರೆ ನಾನೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತೇನೆ ಅಂತ ಅಣ್ಣನಿಗೆ ಎದುರಲ್ಲೇ ಹೇಳಿದ್ದೆ. ಆದರೆ ಬಾಯಿಬಿಟ್ಟ ಮೊದಲ ದಿನವೇ ಮನೆಗೆ ಜೀಪು ಬಂದರೆ ಆ ಹುಡುಗ ಮುಂದೆ ಯಾರಿಗೂ ಏನೂ ಹೇಳುವುದಿಲ್ಲ.

ಪೊಲೀಸರು ಶಾಲೆಗೆ ಬರಲೇಬೇಕು, ಮಕ್ಕಳ ಭಯ ಹೋಗಬೇಕು. ಆದರೆ ಸುಮ್ನೆ ಭಾಷಣ ಸಾಲದು. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪೊಲೀಸರೇ ಶಾಲೆಯಲ್ಲಿ ಪಾಠ ಮಾಡುವ 'ಡೇರ್' ಎಂಬ ಕಾರ್ಯಕ್ರಮ ಶುರುವಾಗಿ ಅಮೆರಿಕದ ತುಂಬ ಹರಡಿತು. ಅದರಿಂದ ಮಕ್ಕಳ ಮಾದಕವಸ್ತು ಬಳಕೆ ಹೆಚ್ಚೇನೂ ಇಳಿಯಲಿಲ್ಲ ಅಂತ ಅಧ್ಯಯನಗಳು ತೋರಿಸಿದವು. ಕೊನೆಗೆ ಪಾಠವನ್ನೇ ಬದಲಿಸಬೇಕಾಯಿತು.

ಹುಡುಗ ಶಾಲೆಗೆ ಹೋಗುತ್ತಿದ್ದಾನೆ. ಅಣ್ಣ ಚಿಕಿತ್ಸೆಗೆ ಬರುತ್ತಾನೆ, ಒಮ್ಮೊಮ್ಮೆ ತಪ್ಪಿಸುತ್ತಾನೆ. ಮುಂದಿನ ಪಾಠದಲ್ಲಿ ಅಣ್ಣ, ಮಾವ, ಗೆಳೆಯ ಕೊಡುವ ಸನ್ನಿವೇಶಗಳನ್ನೂ ಮಕ್ಕಳಿಂದ ಆಡಿಸಿ ಅಂತ ಹೆಡ್‌ಮಾಸ್ಟರಿಗೆ ಹೇಳಿದ್ದೇನೆ.